ವರ್ಷದ ಮಧ್ಯೆ ಸ್ಟೇಟ್ ಬದಲಾಯ್ಸಿದ್ರಾ? ಚೈಲ್ಡ್ ಕೇರ್ ಕ್ರೆಡಿಟ್ ಬಿಡ್ಬೇಡಿ, ಹೀಗೆ ಕ್ಲೈಮ್ ಮಾಡ್ಕೊಳ್ಳಿ

ನಾವು 2023ರ ಅಕ್ಟೋಬರ್ 20ಕ್ಕೆ ನ್ಯೂಜೆರ್ಸಿ ಮನೆ ಖಾಲಿ ಮಾಡಿ ಡಲ್ಲಾಸ್ ಕಡೆ ಬಂದ್ವಿ. ಮಗಳಿಗೆ ಆಗ ಎಂಟು, ಮಗನಿಗೆ ಮೂರು. ಆ ವರ್ಷ ಹತ್ತು ತಿಂಗಳು ಜೆರ್ಸಿಯಲ್ಲಿ ಡೇಕೇರ್‌ಗೆ ಸುರಿದ ದುಡ್ಡು ನೆನೆಸ್ಕೊಂಡ್ರೆ ಇವತ್ತೂ ಹೊಟ್ಟೆ ಉರಿಯತ್ತೆ. ಇಂಥ ಖರ್ಚಿಗೆ ಅಂತ ನಾವು ಕಟ್ಟೋ ಟ್ಯಾಕ್ಸ್‌ನಲ್ಲಿ ಕಳೆಯೋ ಮೊತ್ತಕ್ಕೇ ಚೈಲ್ಡ್ ಕೇರ್ ಕ್ರೆಡಿಟ್ ಅನ್ನೋದು, ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರ) ಒಂದು ಕೊಡತ್ತೆ, ಕೆಲವು ಸ್ಟೇಟ್‌ಗಳು ತಮ್ಮದೊಂದು ಕೊಡತ್ವೆ. ಆದ್ರೂ ಟ್ಯಾಕ್ಸ್ ಟೈಮ್‌ನಲ್ಲಿ ನಮ್ಮ ರಿಟರ್ನ್ ಮಾಡ್ಕೊಟ್ಟವ್ರು "ನೀವೀಗ ಟೆಕ್ಸಾಸ್‌ನವ್ರು, ಅಲ್ಲಿ ಸ್ಟೇಟ್ ಟ್ಯಾಕ್ಸೇ ಇಲ್ಲ, ಸ್ಟೇಟ್ ಕ್ರೆಡಿಟ್ ಎಲ್ಲಿಂದ ಬರತ್ತೆ" ಅಂದ್ರು, ನಾವೂ ಹೌದಲ್ವಾ ಅಂತ ತಲೆ ಆಡಿಸಿ ಸೈನ್ ಮಾಡ್ಬಿಟ್ವಿ. ಬಿಟ್ಟು ಬಂದ ಸ್ಟೇಟ್‌ಗೆ ಹತ್ತು ತಿಂಗಳ ಟ್ಯಾಕ್ಸ್ ಕಟ್ಟಿದ್ದೀವಿ ಅಂದ್ಮೇಲೆ ಆ ಹತ್ತು ತಿಂಗಳ ಕ್ರೆಡಿಟ್ ಕೂಡ ನಮ್ದೇ ಅಲ್ವಾ ಅನ್ನೋದು ಹೊಳೆದಿದ್ದು ಒಂದು ವರ್ಷ ಆದ್ಮೇಲೆ. ಆಮೇಲೆ ಹಠಕ್ಕೆ ಬಿದ್ದು ಇನ್‌ಸ್ಟ್ರಕ್ಷನ್ಸ್ ಪೂರ್ತಿ ಓದಿದೆ, ಗೊತ್ತಿರೋ ಮೂರ್ನಾಲ್ಕು ಮನೆಯವರಿಗೂ ಲೆಕ್ಕ ಹಾಕಿಕೊಟ್ಟೆ, ಅದನ್ನೇ ಇಲ್ಲಿ ಬರೀತಿದೀನಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. ಪಾರ್ಟ್ ಇಯರ್ ರೆಸಿಡೆಂಟ್ (ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ಆ ಸ್ಟೇಟ್‌ನಲ್ಲಿ ಇದ್ದವರು) ಅಂದ ತಕ್ಷಣ "ಅರ್ಧ ವರ್ಷ ಇದ್ವಿ, ಅರ್ಧ ಕ್ರೆಡಿಟ್" ಅಂತ ತುಂಬಾ ಜನ ಅಂದ್ಕೋತಾರೆ. ಹಂಗಿಲ್ಲ. ಒಂದೊಂದು ಸ್ಟೇಟಿಂದು ಒಂದೊಂದು ಸೇರು. ನ್ಯೂಜೆರ್ಸಿ ತಿಂಗಳಲ್ಲಿ ಅಳೆಯತ್ತೆ, ನ್ಯೂಯಾರ್ಕ್ ಸಂಬಳದಲ್ಲಿ ಅಳೆಯತ್ತೆ, ಕ್ಯಾಲಿಫೋರ್ನಿಯಾ ಮಗುನ ಎಲ್ಲಿ ನೋಡ್ಕೊಂಡ್ರು ಅನ್ನೋದ್ರಲ್ಲಿ ಅಳೆಯತ್ತೆ. ನಿಮ್ಮ ಸ್ಟೇಟ್ ಯಾವ ಸೇರು ಹಿಡ್ಕೊಂಡಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದಲು ಒಂದು ಹಾಳೆ ತಗೊಳ್ಳಿ

ಸಾಫ್ಟ್‌ವೇರ್ ಓಪನ್ ಮಾಡೋಕೆ ಮುಂಚೆ ಇದನ್ನ ಮಾಡಿ. ಹಾಳೆ ಮೇಲೆ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಸಾಲು, ಪಕ್ಕದಲ್ಲಿ ನಾಲ್ಕು ಕಾಲಂ: ಎಲ್ಲಿ ಇದ್ವಿ, ಗಂಡ ಎಲ್ಲಿ ಕೂತು ಕೆಲಸ ಮಾಡಿದ್ರು, ಹೆಂಡತಿ ಎಲ್ಲಿ ಕೂತು ಕೆಲಸ ಮಾಡಿದ್ರು, ಮಗು ಯಾರ ಹತ್ರ ಇತ್ತು ಮತ್ತೆ ಎಷ್ಟು ಕೊಟ್ವಿ. ನಮ್ಮ ಹಾಳೆಯಲ್ಲಿ ಅಕ್ಟೋಬರ್ ಸಾಲು ಎರಡು ತುಂಡಾಯ್ತು, 1ರಿಂದ 20ರವರೆಗೆ ಜೆರ್ಸಿ, 21ರಿಂದ ಟೆಕ್ಸಾಸ್, ಡೇಕೇರ್ ಕಾಲಂನಲ್ಲಿ ಹಳೇ ಡೇಕೇರ್‌ಗೆ ಪೂರ್ತಿ ತಿಂಗಳ ಫೀಸು, ಹೊಸದಕ್ಕೆ ಡೆಪಾಸಿಟ್. ನವೆಂಬರ್ ಸಾಲಿನಲ್ಲಿ ನನ್ನ ಕೆಲಸದ ಕಾಲಂ ಖಾಲಿ, ಯಾಕಂದ್ರೆ ನಾನು ಹೊಸ ಕೆಲಸ ಹುಡುಕ್ತಾ ಇದ್ದೆ. ಈ ಒಂದು ಹಾಳೆ ಮುಂದೆ ಪ್ರತಿ ಪ್ರಶ್ನೆಗೂ ಉತ್ತರ ಕೊಡತ್ತೆ, ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಕೊಂಡು ಬರೆದ್ರೆ ಅರ್ಧ ಗಂಟೆ ಸಾಕು.

ಫೆಡರಲ್ ಮುಗಿಸದೆ ಸ್ಟೇಟ್ ಮುಟ್ಬೇಡಿ

ನಾನು ಇಲ್ಲಿ ಹೇಳೋ ಮೂರೂ ಸ್ಟೇಟ್‌ಗಳು ಫೆಡರಲ್ ಲೆಕ್ಕದ ಮೇಲೇ ತಮ್ಮ ಕ್ರೆಡಿಟ್ ಕಟ್ಟಿವೆ. ಹಾಗಾಗಿ ಫೆಡರಲ್ ಫಾರ್ಮ್ 2441 (ಚೈಲ್ಡ್ ಕೇರ್ ಕ್ರೆಡಿಟ್ ಕೇಳೋ ಫಾರ್ಮ್) ಮೊದಲು ಸರಿಯಾಗಬೇಕು, ಅಲ್ಲಿ ತಪ್ಪಾದ್ರೆ ಸ್ಟೇಟಲ್ಲೂ ತಪ್ಪೇ.

2025ರ ರಿಟರ್ನ್‌ವರೆಗೆ ಲೆಕ್ಕ ಹೀಗಿದೆ. ಒಂದು ಮಗು ಇದ್ರೆ 3,000 ಡಾಲರ್‌ವರೆಗಿನ ಖರ್ಚು, ಎರಡು ಅಥವಾ ಹೆಚ್ಚಿದ್ರೆ 6,000ವರೆಗಿನ ಖರ್ಚು ಲೆಕ್ಕಕ್ಕೆ ಬರತ್ತೆ. ನೀವು 20,000 ಕೊಟ್ಟಿದ್ರೂ ಅಷ್ಟೇ. ಅದರಲ್ಲಿ 20ರಿಂದ 35 ಪರ್ಸೆಂಟ್ ಕ್ರೆಡಿಟ್, ಎಜಿಐ (ಕೆಲವು ಕಡಿತ ಕಳೆದ ಮೇಲಿನ ವರ್ಷದ ಆದಾಯ) 43,000 ದಾಟಿದವರಿಗೆಲ್ಲ 20 ಪರ್ಸೆಂಟ್. ಅಂದ್ರೆ ಇಬ್ಬರೂ ದುಡಿಯೋ ಎರಡು ಮಕ್ಕಳ ಮನೆಗೆ ಸಾಮಾನ್ಯವಾಗಿ 1,200 ಡಾಲರ್. ಈ 1,200 ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಕೆಳಗೆ ಪದೇ ಪದೇ ಬರತ್ತೆ. 2026ರಿಂದ ಫೆಡರಲ್ ಪರ್ಸೆಂಟ್ ಜಾಸ್ತಿ ಆಗಿದೆ, ಮೇಲಿನ ಮಿತಿ 50, ಜಾಯಿಂಟ್ ಫೈಲ್ ಮಾಡೋರಿಗೆ (ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್) ಎಜಿಐ 1,50,000 ಡಾಲರ್‌ವರೆಗೆ 35ಕ್ಕಿಂತ ಕೆಳಗೆ ಇಳಿಯಲ್ಲ, 3,000 ಮತ್ತೆ 6,000 ಖರ್ಚಿನ ಮಿತಿ ಮಾತ್ರ ಹಾಗೇ ಇದೆ.

ಇನ್ನು ಯಾರಿಗೆ ಸಿಗತ್ತೆ ಅನ್ನೋದು, ನಮ್ಮ ಜನ ಜಾಸ್ತಿ ಎಡವೋದು ಇಲ್ಲೇ. ಮದುವೆ ಆಗಿದ್ರೆ ಸಾಮಾನ್ಯವಾಗಿ ಜಾಯಿಂಟ್ ಆಗಿ ಫೈಲ್ ಮಾಡಬೇಕು, ಮತ್ತೆ ಇಬ್ಬರಿಗೂ ದುಡಿಮೆಯ ಆದಾಯ ಇರಬೇಕು. ಎಚ್-4 ವೀಸಾದಲ್ಲಿ ಇಎಡಿ (ಕೆಲಸ ಮಾಡೋಕೆ ಪರ್ಮಿಟ್) ಇಲ್ಲದೆ ಮನೆಯಲ್ಲಿರೋ ಅಕ್ಕ-ತಂಗಿಯರು ಎಷ್ಟೋ ಜನ "ಮಗು ಪ್ರೀಸ್ಕೂಲ್‌ಗೆ ಹೋಗತ್ತೆ, ಕ್ರೆಡಿಟ್ ಬರಲ್ವಾ" ಅಂತ ಕೇಳ್ತಾರೆ, ಬರಲ್ಲ, ಯಾಕಂದ್ರೆ ಕೆಲಸಕ್ಕೆ ಹೋಗೋಕೆ ಅಂತ ಆದ ಖರ್ಚಿಗೆ ಮಾತ್ರ ಇದು. ಒಂದು ದಾರಿ ಇದೆ: ಅವರು ವರ್ಷದಲ್ಲಿ ಯಾವುದಾದ್ರೂ ಐದು ತಿಂಗಳಲ್ಲಿ ಫುಲ್ ಟೈಮ್ ಓದ್ತಾ ಇದ್ರೆ, ಓದಿದ ಪ್ರತಿ ತಿಂಗಳಿಗೂ ಒಂದು ಮಗುವಿಗೆ 250, ಎರಡಕ್ಕೆ 500 ಡಾಲರ್ ದುಡಿದ ಹಾಗೆ ಲೆಕ್ಕ ಹಾಕ್ತಾರೆ. ಮಾಸ್ಟರ್ಸ್ ಮಾಡ್ತಿರೋರು ಇದನ್ನ ಬಿಡಬಾರದು.

ಮಗುಗೆ 13 ತುಂಬಿರಬಾರದು. ವರ್ಷದ ಮಧ್ಯೆ ತುಂಬಿದ್ರೆ ಹುಟ್ಟುಹಬ್ಬದ ಹಿಂದಿನ ದಿನದವರೆಗಿನ ಖರ್ಚು ಸಿಗತ್ತೆ. ಡೇಕೇರ್, ಪ್ರೀಸ್ಕೂಲ್, ಆಫ್ಟರ್ ಸ್ಕೂಲ್, ಬೇಸಿಗೆಯ ಡೇ ಕ್ಯಾಂಪ್ ಎಲ್ಲ ಓಕೆ. ರಾತ್ರಿ ಉಳ್ಕೊಳ್ಳೋ ಕ್ಯಾಂಪ್ ನಡೆಯಲ್ಲ. ಕಿಂಡರ್‌ಗಾರ್ಟನ್ ಮತ್ತೆ ಅದಕ್ಕಿಂತ ಮೇಲಿನ ಕ್ಲಾಸಿನ ಸ್ಕೂಲ್ ಫೀಸ್ ನಡೆಯಲ್ಲ. ಮ್ಯಾತ್ಸ್ ಟ್ಯೂಷನ್, ಶನಿವಾರದ ಭರತನಾಟ್ಯ, ಭಾನುವಾರದ ಕನ್ನಡ ಕ್ಲಾಸ್, ಇವೆಲ್ಲ ಪಾಠದ ಖರ್ಚು, ನೋಡ್ಕೊಳ್ಳೋ ಖರ್ಚಲ್ಲ, ಸೇರಿಸ್ಬೇಡಿ.

ಊರಿಂದ ಬಂದ ಅಜ್ಜಿ ತಾತನ ವಿಷಯನೂ ಹೇಳ್ಬೇಕು. ಅವರು ಆರು ತಿಂಗಳು ಮೊಮ್ಮಕ್ಕಳನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ, ನಿಜ. ಆದ್ರೆ ವಿಸಿಟರ್ ವೀಸಾದಲ್ಲಿ ಬಂದವರು ಸಂಬಳಕ್ಕೆ ಕೆಲಸ ಮಾಡೋ ಹಾಗಿಲ್ಲ, ಅವರಿಗೆ ದುಡ್ಡು ಕೊಟ್ಟೆ ಅಂತ 2441ರಲ್ಲಿ ಬರೆದ್ರೆ ಸಣ್ಣ ಕ್ರೆಡಿಟ್‌ಗೋಸ್ಕರ ಅವರ ಮುಂದಿನ ವೀಸಾನೇ ಕಷ್ಟಕ್ಕೆ ಸಿಕ್ಕತ್ತೆ. ದಯವಿಟ್ಟು ಬೇಡ.

ಕಂಪನಿಯ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ (ಟ್ಯಾಕ್ಸ್ ಹಿಡಿಯೋಕೆ ಮುಂಚೆ ಸಂಬಳದಿಂದ ಡೇಕೇರ್‌ಗೆ ಅಂತ ಎತ್ತಿಡೋ ದುಡ್ಡು) ತಗೊಂಡಿದ್ರೆ ಡಬ್ಲ್ಯೂ-2ರ (ಕಂಪನಿ ಕೊಡೋ ವರ್ಷದ ಸಂಬಳದ ಚೀಟಿ) 10ನೇ ಬಾಕ್ಸ್ ನೋಡಿ. ಅಲ್ಲಿ 5,000 ಇದ್ರೆ ನಿಮ್ಮ 6,000ದಲ್ಲಿ ಉಳಿಯೋದು ಬರೀ 1,000, ಒಂದೇ ಮಗು ಇದ್ರೆ ಸೊನ್ನೆ. 2026ರಿಂದ ಎಫ್‌ಎಸ್‌ಎ ಮಿತಿ 7,500 ಆಗಿದೆ, ಅಷ್ಟೂ ಹಾಕಿದವರಿಗೆ ಈ ಕ್ರೆಡಿಟ್‌ಗೆ ಏನೂ ಉಳಿಯಲ್ಲ. ಹೆಚ್ಚು ಸಂಬಳ ಇರೋರಿಗೆ ಎಫ್‌ಎಸ್‌ಎನೇ ಲಾಭ, ಅದನ್ನ ಬಿಡಿ ಅಂತ ನಾನು ಹೇಳಲ್ಲ, ಎರಡೂ ಕಡೆ ಒಂದೇ ದುಡ್ಡು ತೋರಿಸೋಕಾಗಲ್ಲ ಅಷ್ಟೇ.

ಮೂವ್ ಆದ ವರ್ಷದಲ್ಲಿ ಮಾತ್ರ ಬರೋ ತೊಡಕುಗಳು

ಕೆಲಸ ಬಿಟ್ಟು ಹುಡುಕ್ತಾ ಇದ್ದ ತಿಂಗಳು. ಗಂಡನ ಟ್ರಾನ್ಸ್‌ಫರ್‌ಗೆ ಹೆಂಡತಿ ಕೆಲಸ ಬಿಡೋದು ನಮ್ಮಲ್ಲಿ ಸಾಮಾನ್ಯ. ಹೊಸ ಊರಲ್ಲಿ ನೀವು ನಿಜವಾಗ್ಲೂ ಕೆಲಸ ಹುಡುಕ್ತಾ ಇದ್ರೆ ಆ ತಿಂಗಳ ಡೇಕೇರ್ ಖರ್ಚೂ ಲೆಕ್ಕಕ್ಕೆ ಬರತ್ತೆ, ಆದ್ರೆ ಆ ವರ್ಷದಲ್ಲಿ ನಿಮ್ಮ ಹೆಸರಲ್ಲಿ ಸ್ವಲ್ಪವಾದ್ರೂ ದುಡಿಮೆ ಇರಬೇಕು. ಅಪ್ಲೈ ಮಾಡಿದ ಇಮೇಲ್‌ಗಳನ್ನ ಒಂದು ಫೋಲ್ಡರ್‌ಗೆ ಹಾಕಿಟ್ಕೊಳ್ಳಿ. ಮನೆ ಸೆಟಲ್ ಮಾಡೋಕೆ ಅಂತ ಎರಡು ತಿಂಗಳು ಸುಮ್ನೆ ಮನೆಯಲ್ಲಿದ್ದು ಮಗುನ ಡೇಕೇರ್‌ಗೆ ಕಳಿಸಿದ್ರೆ ಆ ಎರಡು ತಿಂಗಳು ಬರಲ್ಲ.

ಡೆಪಾಸಿಟ್. ಹೊಸ ಊರಿನ ಡೇಕೇರ್‌ನಲ್ಲಿ ಜಾಗ ಹಿಡಿಯೋಕೆ ಡೆಪಾಸಿಟ್ ಕಟ್ತೀವಿ. ಮಗು ಅಲ್ಲಿಗೇ ಸೇರಿದ್ರೆ ಅದು ಖರ್ಚಿನಲ್ಲಿ ಬರತ್ತೆ. ಕೊನೇ ಗಳಿಗೆಯಲ್ಲಿ ಬೇರೆ ಕಡೆ ಸೇರಿಸಿ ಡೆಪಾಸಿಟ್ ಮುಳುಗಿದ್ರೆ ಬರಲ್ಲ. ನಮಗೆ ಹಂಗೇ 250 ಡಾಲರ್ ಹೋಯ್ತು.

ಮುಂಗಡ ಫೀಸು. ಡಿಸೆಂಬರ್‌ನಲ್ಲೇ ಜನವರಿ ಫೀಸ್ ಕಟ್ಟಿದ್ರೆ ಅದು ಮುಂದಿನ ವರ್ಷದ ಖರ್ಚು.

ಬೆಂಗಳೂರಿಂದ ಆ ವರ್ಷವೇ ಬಂದವರು. ನೀವು ಸ್ಟೇಟ್‌ನ ಪಾರ್ಟ್ ಇಯರ್ ರೆಸಿಡೆಂಟ್ ಮಾತ್ರ ಅಲ್ಲ, ಫೆಡರಲ್‌ನಲ್ಲಿ ಡ್ಯುಯಲ್ ಸ್ಟೇಟಸ್ (ಒಂದೇ ವರ್ಷದಲ್ಲಿ ಸ್ವಲ್ಪ ಕಾಲ ನಾನ್‌ರೆಸಿಡೆಂಟ್, ಸ್ವಲ್ಪ ಕಾಲ ರೆಸಿಡೆಂಟ್) ಆಗಿರೋ ಸಾಧ್ಯತೆ ಇದೆ. ಆಗ ಜಾಯಿಂಟ್ ಫೈಲ್ ಮಾಡೋಕೆ ಇಡೀ ವರ್ಷ ರೆಸಿಡೆಂಟ್ ಅಂತ ಇಬ್ಬರೂ ಸೇರಿ ಆಯ್ಕೆ ಮಾಡ್ಕೋಬೇಕು, ಹಾಗೆ ಮಾಡಿದ್ರೆ ಜನವರಿಯಿಂದ ಬೆಂಗಳೂರಲ್ಲಿ ಬಂದ ಸಂಬಳವೂ ಎಜಿಐಗೆ ಸೇರತ್ತೆ. ಈ ಒಂದು ಕೇಸ್‌ಗೆ ಮಾತ್ರ ತಿಳಿದವರ ಹತ್ರ ಕೂತು ಮಾಡಿಸಿ, ಚೈಲ್ಡ್ ಕೇರ್ ಕ್ರೆಡಿಟ್‌ಗಿಂತ ದೊಡ್ಡ ಮೊತ್ತಗಳು ಅಲ್ಲಿ ಅಲುಗಾಡತ್ವೆ.

ಯಾವ ದಿನದಿಂದ ಆ ಸ್ಟೇಟ್‌ನವ್ರು?

ಸ್ಟೇಟ್ ರಿಟರ್ನ್ ಮೊದಲ ಪುಟದಲ್ಲೇ ಎಂದಿಂದ ಎಂದಿನವರೆಗೆ ರೆಸಿಡೆಂಟ್ ಅಂತ ಕೇಳತ್ತೆ. ಆಫರ್ ಲೆಟರ್ ಬಂದ ದಿನ, ಪ್ಯಾಕರ್ಸ್ ಬಂದ ದಿನ ಅದಲ್ಲ, ನಿಮ್ಮ ಸಂಸಾರದ ನೆಲೆ ಬದಲಾದ ದಿನ. ಹಳೇ ಲೀಸ್ ಮುಗಿದಿದ್ದು, ಹೊಸ ಲೀಸ್ ಶುರುವಾಗಿದ್ದು, ಡ್ರೈವರ್ ಲೈಸೆನ್ಸ್ ಬದಲಾಯ್ಸಿದ್ದು, ಮಗು ಹೊಸ ಸ್ಕೂಲ್‌ಗೆ ಸೇರಿದ್ದು, ಇವೆಲ್ಲ ಒಂದೇ ವಾರದ ಆಸುಪಾಸಿನಲ್ಲಿದ್ರೆ ತಲೆನೋವಿಲ್ಲ. ಗಂಡ ಜೂನ್‌ನಲ್ಲಿ ಹೋಗಿ ಹೆಂಡತಿ ಮಕ್ಕಳು ಆಗಸ್ಟ್‌ನಲ್ಲಿ ಹೋದ್ರೆ ಇಬ್ಬರ ಡೇಟ್ ಬೇರೆ ಬೇರೆ ಆಗಬಹುದು, ಕ್ಯಾಲಿಫೋರ್ನಿಯಾ ಅಂತೂ ಇಬ್ಬರದನ್ನೂ ಬೇರೆ ಬೇರೆ ಕಾಲಂನಲ್ಲೇ ಕೇಳತ್ತೆ. ಇದ್ದಿದ್ದನ್ನ ಇದ್ದ ಹಾಗೆ ಬರೀರಿ.

ಅದರ ಜೊತೆಗೆ ಡಬ್ಲ್ಯೂ-2ರ 15, 16, 17ನೇ ಬಾಕ್ಸ್ ನೋಡಿ. ಎಚ್‌ಆರ್‌ಗೆ ಅಡ್ರೆಸ್ ಬದಲಾವಣೆ ತಡವಾಗಿ ಹೇಳಿದ್ರೆ ಹಳೇ ಸ್ಟೇಟ್‌ಗೇ ಟ್ಯಾಕ್ಸ್ ಹಿಡ್ಕೊಂಡು ಹೋಗಿರ್ತಾರೆ. ಡೇಟ್ ಒಂದು ಹೇಳತ್ತೆ, ಡಬ್ಲ್ಯೂ-2 ಇನ್ನೊಂದು ಹೇಳತ್ತೆ ಅಂದ್ರೆ ರಿಟರ್ನ್ ಅಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ, ಕ್ರೆಡಿಟ್ ಕೂಡ.

ನ್ಯೂಜೆರ್ಸಿ: ತಿಂಗಳ ಲೆಕ್ಕ

ಮೂರರಲ್ಲಿ ಸುಲಭವಾದದ್ದು ಇದೇ. ನ್ಯೂಜೆರ್ಸಿ ನಿಮ್ಮ ಫೆಡರಲ್ ಕ್ರೆಡಿಟ್‌ನ ಇಷ್ಟು ಪರ್ಸೆಂಟ್ ಅಂತ ಕೊಡತ್ತೆ, ಪರ್ಸೆಂಟ್ ನಿಮ್ಮ ನ್ಯೂಜೆರ್ಸಿ ಟ್ಯಾಕ್ಸಬಲ್ ಇನ್‌ಕಮ್ ಮೇಲೆ. 30,000ವರೆಗೆ 50, ಅಲ್ಲಿಂದ 60,000ವರೆಗೆ 40, 90,000ವರೆಗೆ 30, 1,20,000ವರೆಗೆ 20, 1,50,000ವರೆಗೆ 10, ಅದರ ಮೇಲೆ ಇಲ್ಲ. 2021ರಿಂದ ಇದು ರಿಫಂಡೆಬಲ್, ಅಂದ್ರೆ ನಿಮ್ಮ ಸ್ಟೇಟ್ ಟ್ಯಾಕ್ಸ್ ಸೊನ್ನೆ ಆಗಿದ್ರೂ ದುಡ್ಡು ಕೈಗೆ ಬರತ್ತೆ.

ಪಾರ್ಟ್ ಇಯರ್ ಆದ್ರೆ ಬಂದ ಮೊತ್ತವನ್ನ ಅಲ್ಲಿದ್ದ ತಿಂಗಳಿಗೆ ತಕ್ಕ ಹಾಗೆ ಭಾಗ ಮಾಡಬೇಕು, 15 ದಿನ ಅಥವಾ ಹೆಚ್ಚು ಇದ್ದ ತಿಂಗಳು ಪೂರ್ತಿ ತಿಂಗಳು ಅಂತ ಲೆಕ್ಕ. ನಮ್ದು ಹೀಗಾಯ್ತು, ನಂಬರ್ ಸ್ವಲ್ಪ ರೌಂಡ್ ಮಾಡಿ ಬರೀತೀನಿ: ಇಬ್ಬರದೂ ಸೇರಿ ವರ್ಷಕ್ಕೆ 1,18,000, ಎಫ್‌ಎಸ್‌ಎ ಇರಲಿಲ್ಲ, ಫೆಡರಲ್ ಕ್ರೆಡಿಟ್ 1,200. ನ್ಯೂಜೆರ್ಸಿ ಟ್ಯಾಕ್ಸಬಲ್ 90,000 ಮತ್ತೆ 1,20,000ದ ಮಧ್ಯೆ, ಹಾಗಾಗಿ 20 ಪರ್ಸೆಂಟ್, 240. ಅಕ್ಟೋಬರ್‌ನಲ್ಲಿ 20 ದಿನ ಇದ್ದಿದ್ದಕ್ಕೆ ಅಕ್ಟೋಬರ್ ಪೂರ್ತಿ ಸಿಕ್ತು, ಒಟ್ಟು ಹತ್ತು ತಿಂಗಳು. 240ನ್ನ 12ರಿಂದ ಭಾಗಿಸಿ 10ರಿಂದ ಗುಣಿಸಿದ್ರೆ 200 ಡಾಲರ್. ಎಫ್‌ಎಸ್‌ಎದಲ್ಲಿ 5,000 ಹಾಕಿದ್ದಿದ್ರೆ ಫೆಡರಲ್ 200, ಅದರ 20 ಪರ್ಸೆಂಟ್ 40, ಹತ್ತು ತಿಂಗಳಿಗೆ 33 ಡಾಲರ್ ಬರ್ತಿತ್ತು.

ಗಮನ ಇಡಬೇಕಾದ್ದು ಒಂದೇ. ಖರ್ಚನ್ನೂ ಹತ್ತು ತಿಂಗಳಿಗೆ ಕತ್ತರಿಸಿ ಆಮೇಲೆ ಕ್ರೆಡಿಟ್‌ನೂ ಹತ್ತು ತಿಂಗಳಿಗೆ ಕತ್ತರಿಸ್ಬೇಡಿ. ಕತ್ತರಿ ಒಂದೇ ಸಲ, ಕೊನೆಯಲ್ಲಿ. ನಾನು ಮೊದಲ ಸಲ ಎರಡು ಕಡೆ ಕತ್ತರಿಸಿ ಯಾಕಿಷ್ಟು ಕಮ್ಮಿ ಬಂತು ಅಂತ ಒಂದು ಸಂಜೆ ಕಳೆದೆ.

ನ್ಯೂಯಾರ್ಕ್: ಸಂಬಳದ ಲೆಕ್ಕ

ಇಲ್ಲಿ ಎರಡು ಫಾರ್ಮ್ ಬೇಕು. ಕ್ರೆಡಿಟ್‌ಗೆ ಐಟಿ-216, ಪಾರ್ಟ್ ಇಯರ್ ಅಥವಾ ನಾನ್‌ರೆಸಿಡೆಂಟ್ ರಿಟರ್ನ್‌ಗೆ ಐಟಿ-203. ಫೆಡರಲ್ ಕ್ರೆಡಿಟ್‌ನ ಕನಿಷ್ಠ 20ರಿಂದ ಗರಿಷ್ಠ 110 ಪರ್ಸೆಂಟ್‌ವರೆಗೆ ನ್ಯೂಯಾರ್ಕ್ ಕೊಡತ್ತೆ, ಆದಾಯ ಕಮ್ಮಿ ಇದ್ದಷ್ಟೂ ಜಾಸ್ತಿ, 1,50,000 ದಾಟಿದವರಿಗೆ 20. ಆದಾಯ ಎಷ್ಟೇ ಇದ್ರೂ ಪೂರ್ತಿ ಇಲ್ಲ ಅನ್ನಲ್ಲ, ಐಟಿ ಕೆಲಸದ ಮನೆಗಳಿಗೆ ಅದು ದೊಡ್ಡ ವಿಷಯ. ಇನ್ನೊಂದು ಒಳ್ಳೇ ಗುಣ, ಮಕ್ಕಳು ಮೂರಿದ್ರೆ ಖರ್ಚಿನ ಮಿತಿ 7,500, ನಾಲ್ಕಕ್ಕೆ 8,500, ಐದು ಅಥವಾ ಹೆಚ್ಚಿಗೆ 9,000. ಫೆಡರಲ್‌ನಲ್ಲಿ 6,000ಕ್ಕೇ ನಿಂತು ಹೋಗೋದು ಇಲ್ಲಿ ಮುಂದೆ ಹೋಗತ್ತೆ.

ಈಗ ಪಾರ್ಟ್ ಇಯರ್ ವಿಷಯ. ಐಟಿ-203ರಲ್ಲಿ ಮೊದಲು ನೀವು ಇಡೀ ವರ್ಷ ನ್ಯೂಯಾರ್ಕ್‌ನಲ್ಲಿದ್ದ ಹಾಗೇ ಟ್ಯಾಕ್ಸ್ ಲೆಕ್ಕ ಹಾಕ್ತಾರೆ. 41ನೇ ಸಾಲಿನಲ್ಲಿ ಚೈಲ್ಡ್ ಕೇರ್ ಕ್ರೆಡಿಟ್ ಕಳೀತಾರೆ. ಆಮೇಲೆ 45ನೇ ಸಾಲಿನಲ್ಲಿ ಇನ್‌ಕಮ್ ಪರ್ಸೆಂಟೇಜ್ ಬರತ್ತೆ, ಅಂದ್ರೆ ನಿಮ್ಮ ಒಟ್ಟು ಆದಾಯದಲ್ಲಿ ನ್ಯೂಯಾರ್ಕ್‌ಗೆ ಸೇರಿದ ಪಾಲು ಎಷ್ಟು ಅಂತ, ಉಳಿದ ಟ್ಯಾಕ್ಸ್‌ನ ಅದರಿಂದ ಗುಣಿಸ್ತಾರೆ. ಕ್ರೆಡಿಟ್ ಮೊದಲೇ ಕಳೆದಿರೋದ್ರಿಂದ ಅದೂ ಅದೇ ಪರ್ಸೆಂಟ್‌ಗೆ ತಾನಾಗೇ ಇಳಿಯತ್ತೆ. ನೀವು ಕೈಯಿಂದ ಏನೂ ಕತ್ತರಿಸೋ ಹಾಗಿಲ್ಲ, ಬೇರೆ ಸ್ಟೇಟ್‌ನಲ್ಲಿದ್ದಾಗಿನ ಡೇಕೇರ್ ಖರ್ಚನ್ನೂ ಸೇರಿಸಿ ವರ್ಷದ್ದೆಲ್ಲ ಹಾಕಬೇಕು. ಇದನ್ನ ತಿಳೀದೆ ನ್ಯೂಯಾರ್ಕ್ ತಿಂಗಳ ಖರ್ಚು ಮಾತ್ರ ಹಾಕಿದವರು ತಮ್ಮ ಪಾಲನ್ನ ತಾವೇ ಎರಡು ಸಲ ಕಮ್ಮಿ ಮಾಡ್ಕೊಂಡ ಹಾಗೆ.

ಲೆಕ್ಕ ನೋಡೋಣ. ಸಿಯಾಟಲ್‌ನಿಂದ ಕ್ವೀನ್ಸ್‌ಗೆ ವರ್ಷದ ಮಧ್ಯೆ ಬಂದ ಎರಡು ಮಕ್ಕಳ ಸಂಸಾರ, ವರ್ಷದ ಆದಾಯ 1,70,000, ಅದರಲ್ಲಿ ನ್ಯೂಯಾರ್ಕ್‌ಗೆ ಸೇರಿದ್ದು 76,500, ಅಂದ್ರೆ 45 ಪರ್ಸೆಂಟ್. ಫೆಡರಲ್ 1,200ರ 20 ಪರ್ಸೆಂಟ್ 240, ಅದರ ನಿಜವಾದ ಬೆಲೆ 108 ಡಾಲರ್. ವಾಷಿಂಗ್ಟನ್ ಸ್ಟೇಟ್‌ನಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅಲ್ಲಿಂದ ಏನೂ ಇಲ್ಲ.

ಅದೇ ಜೆರ್ಸಿಯಿಂದ ಮ್ಯಾನ್‌ಹಾಟನ್‌ಗೆ ದಿನಾ ಟ್ರೈನ್ ಹಿಡಿದು ಕೆಲಸಕ್ಕೆ ಹೋಗ್ತಿದ್ದವರು ಆಮೇಲೆ ನ್ಯೂಯಾರ್ಕ್‌ಗೇ ಮನೆ ಬದಲಾಯ್ಸಿದ್ರೆ ಲೆಕ್ಕ ಬೇರೆ. ಜೆರ್ಸಿಯಲ್ಲಿದ್ದಾಗ ದುಡಿದಿದ್ದೂ ನ್ಯೂಯಾರ್ಕ್ ಸಂಬಳವೇ, ಹಾಗಾಗಿ ಅವರ ಪರ್ಸೆಂಟ್ ತುಂಬಾ ಮೇಲಿರತ್ತೆ, ಕ್ರೆಡಿಟ್ ಕೂಡ ಹೆಚ್ಚು ಉಳಿಯತ್ತೆ. ಪೂರ್ತಿ ವರ್ಷ ಜೆರ್ಸಿಯಲ್ಲೇ ಇದ್ದು ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡೋರು ನಾನ್‌ರೆಸಿಡೆಂಟ್ ಆಗಿಯೂ ಈ ಕ್ರೆಡಿಟ್ ಕ್ಲೈಮ್ ಮಾಡ್ಕೋಬಹುದು, ಆದ್ರೆ ಟ್ಯಾಕ್ಸ್‌ಗಿಂತ ಹೆಚ್ಚಾದ ಭಾಗ ಅವರಿಗೆ ವಾಪಸ್ ಬರಲ್ಲ. ಪಾರ್ಟ್ ಇಯರ್ ರೆಸಿಡೆಂಟ್‌ಗೆ ಆ ಹೆಚ್ಚಿನ ಭಾಗದ ಲೆಕ್ಕಕ್ಕೆ ಐಟಿ-216ರಲ್ಲೇ ಬೇರೆ ಸಾಲುಗಳಿವೆ, ಟ್ಯಾಕ್ಸ್ ಕಮ್ಮಿ ಇರೋ ವರ್ಷ ಅವನ್ನ ದಾಟಿ ಹೋಗ್ಬೇಡಿ.

ಕ್ಯಾಲಿಫೋರ್ನಿಯಾ: ಜಾಗದ ಲೆಕ್ಕ

ಫಾರ್ಮ್ ಹೆಸರು ಎಫ್‌ಟಿಬಿ 3506, ರಿಟರ್ನ್ 540ಎನ್‌ಆರ್. ಮೊದಲು ಬಾಗಿಲಲ್ಲೇ ಒಂದು ಪ್ರಶ್ನೆ: ಇಡೀ ವರ್ಷದ ಫೆಡರಲ್ ಎಜಿಐ 1,00,000 ಡಾಲರ್ ದಾಟಿದೆಯಾ? ದಾಟಿದ್ರೆ ಅಲ್ಲಿಗೆ ಮುಗೀತು. ಇಲ್ಲಿ ನೋಡೋದು ಕ್ಯಾಲಿಫೋರ್ನಿಯಾ ಸಂಬಳ ಮಾತ್ರ ಅಲ್ಲ, ಟೆಕ್ಸಾಸ್‌ನಲ್ಲಿ ಎಂಟು ತಿಂಗಳು ದುಡಿದಿದ್ದೂ ಸೇರಿ. ಬೇ ಏರಿಯಾದಲ್ಲಿ ಇಬ್ಬರೂ ಟೆಕ್ ಕೆಲಸದಲ್ಲಿರೋ ಮನೆಗಳಿಗೆ ಹೆಚ್ಚಾಗಿ ಇದು ಸಿಗಲ್ಲ, ಸಮಯ ವ್ಯರ್ಥ ಮಾಡ್ಕೋಬೇಡಿ. ಆದ್ರೆ ಒಬ್ಬರ ಸಂಬಳ ಕಮ್ಮಿ ಇದ್ರೆ, ಲೇಆಫ್ ಆದ ವರ್ಷ ಆಗಿದ್ರೆ, ಒಂದು ಸಲ ನೋಡಲೇಬೇಕು.

ಎಜಿಐ 40,000ವರೆಗೆ ಫೆಡರಲ್ ಲೆಕ್ಕದ 50 ಪರ್ಸೆಂಟ್, 70,000ವರೆಗೆ 43, 1,00,000ವರೆಗೆ 34. ರಿಫಂಡೆಬಲ್ ಅಲ್ಲ. ಪಾರ್ಟ್ ಇಯರ್‌ನವರಿಗೆ ಎರಡು ಷರತ್ತು: ಮಗುನ ನೋಡ್ಕೊಂಡ ಜಾಗ ಕ್ಯಾಲಿಫೋರ್ನಿಯಾದ ಒಳಗಿರಬೇಕು, ಮತ್ತೆ ಲೆಕ್ಕಕ್ಕೆ ಹಿಡಿಯೋ ದುಡಿಮೆ ಕ್ಯಾಲಿಫೋರ್ನಿಯಾದ್ದೇ ಆಗಿರಬೇಕು.

ಎರಡನೇದರಲ್ಲಿ ಒಂದು ಪೆಟ್ಟು ಅಡಗಿದೆ. ಹೆಂಡತಿ ಟೆಕ್ಸಾಸ್ ಕೆಲಸ ಬಿಟ್ಟು ಫ್ರೀಮಾಂಟ್‌ಗೆ ಬಂದು ಡಿಸೆಂಬರ್ 31ರವರೆಗೂ ಕೆಲಸ ಸಿಗಲಿಲ್ಲ ಅಂತಿಟ್ಕೊಳ್ಳಿ. ಫೆಡರಲ್ ಕ್ರೆಡಿಟ್ ಸಿಗತ್ತೆ, ವರ್ಷದಲ್ಲಿ ದುಡಿದಿದ್ದಾರೆ, ಕೆಲಸ ಹುಡುಕ್ತಾ ಇದ್ರು. ಕ್ಯಾಲಿಫೋರ್ನಿಯಾ ಕ್ರೆಡಿಟ್ ಸೊನ್ನೆ, ಯಾಕಂದ್ರೆ ಅಲ್ಲಿ ಅವರ ದುಡಿಮೆ ಸೊನ್ನೆ. ಟೆಕ್ಸಾಸ್ ಕಂಪನಿಯ ಕೆಲಸವನ್ನೇ ಫ್ರೀಮಾಂಟ್ ಮನೆಯಿಂದ ರಿಮೋಟ್ ಆಗಿ ಮುಂದುವರೆಸಿದ್ರೆ ಅದು ಕ್ಯಾಲಿಫೋರ್ನಿಯಾದಲ್ಲಿ ಕೂತು ದುಡಿದಿದ್ದು, ಲೆಕ್ಕಕ್ಕೆ ಬರತ್ತೆ.

ಇನ್ನು ಸಿಹಿ ಸುದ್ದಿ. ಇಲ್ಲಿ ತಿಂಗಳ ಕತ್ತರಿ ಇಲ್ಲ. ಒಂದು ಮಗು, ವರ್ಷದ ಎಜಿಐ 94,000, ಆಗಸ್ಟ್ ಕೊನೆಗೆ ಬಂದು ಇಬ್ಬರೂ ಕೆಲಸಕ್ಕೆ ಸೇರಿ ಸೆಪ್ಟೆಂಬರ್‌ನಿಂದ ನಾಲ್ಕು ತಿಂಗಳು 1,400ರಂತೆ 5,600 ಡೇಕೇರ್‌ಗೆ ಕೊಟ್ರು. ಮಿತಿ 3,000, ಅದರ 20 ಪರ್ಸೆಂಟ್ 600, ಅದರ 34 ಪರ್ಸೆಂಟ್ 204 ಡಾಲರ್. ನಾಲ್ಕೇ ತಿಂಗಳಿದ್ರೂ ಪೂರ್ತಿ 204. ಒಂದೇ ತಿಂಗಳ 1,400 ಕೊಟ್ಟಿದ್ರೆ 280, ಅದರ 34 ಪರ್ಸೆಂಟ್ ಸುಮಾರು 95. ಫಾರ್ಮ್‌ನಲ್ಲಿ ಡೇಕೇರ್‌ನವರ ಫೋನ್ ನಂಬರ್ ಮತ್ತೆ ಮಗುನ ನೋಡ್ಕೊಂಡ ಜಾಗದ ಅಡ್ರೆಸ್ ಬೇರೆಯಾಗಿ ಕೇಳ್ತಾರೆ, ಖಾಲಿ ಬಿಡ್ಬೇಡಿ.

ಬೇರೆ ಸ್ಟೇಟ್‌ನವರು

ಟೆಕ್ಸಾಸ್, ಫ್ಲಾರಿಡಾ, ವಾಷಿಂಗ್ಟನ್, ಟೆನೆಸ್ಸಿ ಕಡೆ ಸಂಬಳದ ಮೇಲೆ ಸ್ಟೇಟ್ ಟ್ಯಾಕ್ಸ್ ಇಲ್ಲ, ಹಾಗಾಗಿ ಅಲ್ಲಿನ ತಿಂಗಳಿಗೆ ಇಂಥ ಕ್ರೆಡಿಟ್ ಹುಡುಕ್ಬೇಡಿ. ವರ್ಜೀನಿಯಾದಲ್ಲಿ ಕ್ರೆಡಿಟ್ ಬದಲು ಡಿಡಕ್ಷನ್, ಅಂದ್ರೆ ಟ್ಯಾಕ್ಸ್‌ನಲ್ಲಿ ಅಲ್ಲ, ಆದಾಯದಲ್ಲಿ ಕಳೀತಾರೆ. ಮಿಕ್ಕ ಸ್ಟೇಟ್‌ಗಳಿಗೆ ಇನ್‌ಸ್ಟ್ರಕ್ಷನ್ ಬುಕ್ ಪಿಡಿಎಫ್ ಇಳಿಸ್ಕೊಂಡು ಪಾರ್ಟ್ ಇಯರ್ ಅಂತ ಸರ್ಚ್ ಹಾಕಿ, ಚೈಲ್ಡ್ ಕೇರ್ ಪ್ಯಾರಾ ಸಿಕ್ಕಿದಾಗ ಮೂರೇ ಪ್ರಶ್ನೆ ಕೇಳಿ: ತಿಂಗಳಿಗಾ, ಆದಾಯದ ಪಾಲಿಗಾ, ಜಾಗಕ್ಕಾ? ಉತ್ತರ ಅಲ್ಲಿ ಒಂದೆರಡು ಸಾಲಿನಲ್ಲಿ ಇದ್ದೇ ಇರತ್ತೆ.

ಡೇಕೇರ್ ಬಿಡೋ ದಿನವೇ ಕಾಗದ ತಗೊಳ್ಳಿ

ನಂಗೆ ಜಾಸ್ತಿ ನೋವಾಗಿದ್ದು ಇಲ್ಲಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಮಗನ ಡೇಕೇರ್‌ನ ಕೊನೇ ದಿನ ಟೀಚರ್ ಅವನ ಚಿಕ್ಕ ಕಂಬಳಿ, ನೀರಿನ ಬಾಟಲ್, ಕೈ ಅಚ್ಚಿನ ಪೇಂಟಿಂಗ್ ಎಲ್ಲ ಒಂದು ಚೀಲಕ್ಕೆ ಹಾಕಿ ಕೊಟ್ರು, ನಾನು ಕಣ್ಣೀರು ಒರೆಸ್ಕೊಂಡು ಬಂದ್ಬಿಟ್ಟೆ, ರಸೀದಿ ಕೇಳೋ ಯೋಚನೆ ಎಲ್ಲಿಂದ ಬರಬೇಕು. ಜನವರಿಯಲ್ಲಿ ವರ್ಷದ ಸ್ಟೇಟ್‌ಮೆಂಟ್ ಹಳೇ ಅಡ್ರೆಸ್‌ಗೆ ಹೋಯ್ತು. ಫೋನ್ ಮಾಡಿದ್ರೆ ಅಷ್ಟೊತ್ತಿಗೆ ಡೇಕೇರ್ ಬೇರೆಯವರ ಕೈಗೆ ಹೋಗಿತ್ತು, ಹೊಸಬರ ಹತ್ರ ಹಳೇ ಲೆಕ್ಕ ಇರಲಿಲ್ಲ, ಇಐಎನ್ (ಡೇಕೇರ್‌ನ ಟ್ಯಾಕ್ಸ್ ನಂಬರ್) ಕೂಡ ಬೇರೆ. ಹಳಬರನ್ನ ಹುಡುಕಿ ನಂಬರ್ ತಗೊಳ್ಳೋಕೆ ಮೂರು ವಾರ ಹಿಡೀತು.

ಆದ್ದರಿಂದ ಕೊನೇ ದಿನವೇ ಇಷ್ಟು ಕೇಳಿ ತಗೊಳ್ಳಿ: ತಿಂಗಳು ತಿಂಗಳಾಗಿ ಬರೆದ ಸ್ಟೇಟ್‌ಮೆಂಟ್, ಅದರಲ್ಲಿ ಪ್ರತಿ ಮಗುವಿನ ಹೆಸರು ಬೇರೆ ಬೇರೆ, ಡೇಕೇರ್‌ನ ಪೂರ್ತಿ ಹೆಸರು, ಅಡ್ರೆಸ್, ಇಐಎನ್. ಮನೆಯಲ್ಲೇ ನೋಡ್ಕೊಳ್ಳೋ ಆಂಟಿ ಆಗಿದ್ರೆ ಅವರ ಸೋಶಿಯಲ್ ಸೆಕ್ಯುರಿಟಿ ನಂಬರ್ ಅಥವಾ ಐಟಿಐಎನ್ (ಸೋಶಿಯಲ್ ಸೆಕ್ಯುರಿಟಿ ಇಲ್ಲದವರ ಟ್ಯಾಕ್ಸ್ ನಂಬರ್) ಬೇಕು. ಕೇಳೋಕೆ ಸಂಕೋಚ ಆದ್ರೆ ಐಆರ್‌ಎಸ್‌ನ (ಫೆಡರಲ್ ಟ್ಯಾಕ್ಸ್ ಇಲಾಖೆ) ಡಬ್ಲ್ಯೂ-10 ಅನ್ನೋ ಫಾರ್ಮ್ ಇದೆ, ಪ್ರಿಂಟ್ ತೆಗೆದು ಕೈಗೆ ಕೊಡಿ, ಅವರೇ ತುಂಬಿ ಸೈನ್ ಮಾಡ್ತಾರೆ. ಅದನ್ನ ಎಲ್ಲೂ ಕಳಿಸೋ ಹಾಗಿಲ್ಲ, ನಿಮ್ಮ ಹತ್ರ ಇಟ್ಕೋಬೇಕು. ನಂಬರ್ ಕೊಡಲ್ಲ ಅಂತ ಕೂತ್ರೂ ನೀವು ಕೇಳಿದ್ದಕ್ಕೆ ದಾಖಲೆ ಇದ್ರೆ ಕ್ರೆಡಿಟ್ ಉಳಿಸ್ಕೋಬಹುದು, ವಿವರಣೆ ಬರೆದು ರಿಟರ್ನ್ ಜೊತೆ ಲಗತ್ತಿಸ್ಬೇಕು. ಕ್ಯಾಶ್ ಕೊಡ್ಬೇಡಿ, ಚೆಕ್ ಅಥವಾ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ, ಮುಂದೆ ಸ್ಟೇಟ್‌ನಿಂದ ಪ್ರೂಫ್ ಕಳಿಸಿ ಅಂತ ಪತ್ರ ಬಂದ್ರೆ ಕ್ಯಾಶ್‌ಗೆ ಸಾಕ್ಷಿ ಇರಲ್ಲ.

ಸಾಫ್ಟ್‌ವೇರ್‌ನಲ್ಲಿ ಹಾಕೋವಾಗ

ಮೊದಲು ಪರ್ಸನಲ್ ಇನ್ಫೋದಲ್ಲಿ ಬೇರೆ ಸ್ಟೇಟ್‌ನಲ್ಲಿ ಇದ್ದೆ ಅಂತ ಟಿಕ್ ಮಾಡಿ ಡೇಟ್ ಹಾಕಿ, ಇಬ್ಬರಿಗೂ. ಆಮೇಲೆ ಫೆಡರಲ್‌ನಲ್ಲಿ ಪ್ರತಿ ಡೇಕೇರ್‌ನ ಬೇರೆ ಬೇರೆ ಎಂಟ್ರಿಯಾಗಿ ಹಾಕಿ, ಹಳೇ ಊರಿಂದು ಒಂದು, ಹೊಸ ಊರಿಂದು ಒಂದು, ಎರಡನ್ನ ಸೇರಿಸಿ ಒಂದೇ ಸಾಲು ಮಾಡ್ಬೇಡಿ, ಕ್ಯಾಲಿಫೋರ್ನಿಯಾದಂಥ ಸ್ಟೇಟ್‌ಗೆ ಅದನ್ನ ಮತ್ತೆ ಬಿಡಿಸೋದು ಕಷ್ಟ. ಸ್ಟೇಟ್ ಭಾಗಕ್ಕೆ ಬಂದಾಗ ಚೈಲ್ಡ್ ಕೇರ್ ಪುಟ ತಾನಾಗೇ ಬರತ್ತೆ ಅಂತ ನಂಬ್ಕೊಂಡು ನೆಕ್ಸ್ಟ್ ನೆಕ್ಸ್ಟ್ ಒತ್ತಬೇಡಿ. ಕೊನೆಯಲ್ಲಿ ಫಾರ್ಮ್‌ಗಳ ಪಿಡಿಎಫ್ ನೋಡಿ, ನ್ಯೂಯಾರ್ಕ್ ಆದ್ರೆ ಐಟಿ-216 ಇದೆಯಾ, ಕ್ಯಾಲಿಫೋರ್ನಿಯಾ ಆದ್ರೆ 3506 ಇದೆಯಾ, ಅದರಲ್ಲಿ ಬರೀ ಅಲ್ಲಿನ ಖರ್ಚು ಇದೆಯಾ, ನ್ಯೂಜೆರ್ಸಿ ಆದ್ರೆ ತಿಂಗಳಿನ ಭಾಗಾಕಾರ ಆಗಿದೆಯಾ. ನಿಮ್ಮ ಹಾಳೆಯ ಲೆಕ್ಕಕ್ಕೂ ಅದಕ್ಕೂ ಒಂದೆರಡು ಡಾಲರ್‌ಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಸಬ್ಮಿಟ್ ಒತ್ತೋಕೆ ಮುಂಚೆ ಕಾರಣ ಹುಡುಕಿ.

ಹಿಂದಿನ ವರ್ಷ ಬಿಟ್ಟುಬಿಟ್ಟಿದ್ರೆ

ಹೋದ ದುಡ್ಡು ಹೋಯ್ತು ಅಂತ ಕೂರ್ಬೇಡಿ. ನ್ಯೂಜೆರ್ಸಿ ಮತ್ತೆ ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷ, ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವರ್ಷದವರೆಗೆ ತಿದ್ದುಪಡಿ ರಿಟರ್ನ್ ಹಾಕಿ ರಿಫಂಡ್ ಕೇಳಬಹುದು. ನ್ಯೂಜೆರ್ಸಿಗೆ ಎನ್‌ಜೆ-1040ಎಕ್ಸ್, ನ್ಯೂಯಾರ್ಕ್‌ಗೆ ಐಟಿ-203-ಎಕ್ಸ್, ಕ್ಯಾಲಿಫೋರ್ನಿಯಾಗೆ 540ಎನ್‌ಆರ್ ಮತ್ತೆ ತುಂಬಿ ಜೊತೆಗೆ ಶೆಡ್ಯೂಲ್ ಎಕ್ಸ್. ಫೆಡರಲ್‌ನಲ್ಲೂ 2441 ಹಾಕಿರದಿದ್ರೆ ಅದನ್ನ ಮೊದಲು 1040ಎಕ್ಸ್‌ನಲ್ಲಿ ಸರಿ ಮಾಡಿ, ಸ್ಟೇಟ್ ಅದರ ಹಿಂದೆ.

ನಮ್ಮ ಫೆಡರಲ್ ಸರಿ ಇತ್ತು, ಎನ್‌ಜೆ-1040ಎಕ್ಸ್ ಒಂದೇ ಸಾಕಾಯ್ತು. ಬದಲಾದ ಸಾಲು ಒಂದೇ. ವಿವರಣೆ ಬರೆಯೋ ಜಾಗದಲ್ಲಿ ಜನವರಿ 1ರಿಂದ ಅಕ್ಟೋಬರ್ 20ರವರೆಗೆ ರೆಸಿಡೆಂಟ್, ಚೈಲ್ಡ್ ಕೇರ್ ಕ್ರೆಡಿಟ್ ಬಿಟ್ಟುಹೋಗಿತ್ತು, ಹತ್ತು ತಿಂಗಳಿಗೆ ಲೆಕ್ಕ ಹಾಕಿದೆ ಅಂತ ಮೂರು ಸಾಲು ಬರೆದು, ಫೆಡರಲ್ 2441 ಕಾಪಿ, ಡೇಕೇರ್ ಸ್ಟೇಟ್‌ಮೆಂಟ್, ಹಳೇ ಲೀಸ್‌ನ ಕೊನೇ ಪುಟ ಸೇರಿಸಿ ಪೋಸ್ಟ್ ಮಾಡಿದೆ. ಕೆಲವು ತಿಂಗಳಾದ್ಮೇಲೆ 200 ಡಾಲರ್ ಚೆಕ್ ಬಂತು, ಈ ಸಲ ಡಲ್ಲಾಸ್ ಅಡ್ರೆಸ್‌ಗೇ.